ಅವ್ಯಕ್ತಕ್ಕೆ ಹೆಸರಿಟ್ಟ ಬಗೆ

ತಿಳಿಯದುದನ್ನು ತಿಳಿಯುವ ಬಗೆ ಹೇಗೆ? ಈ ಪ್ರಶ್ನೆ ವೇದಾಂತಿಗಳಿಗೆ ಮಾತ್ರ ಮೀಸಲಾದುದಲ್ಲ. ಗಣಿತಜ್ಞರನ್ನೂ ಅದು ಬಹುಕಾಲ ಕಾಡಿತು. ಅವರು ಕಂಡುಕೊಂಡ ಎರಡು ಮಾರ್ಗಗಳನ್ನು ನಾವು ಇಲ್ಲಿ ಪರಿಶೀಲಿಸೋಣ.

ಮೊದಲನೆಯದು ಊಹೆಯ ಮಾರ್ಗ. ಕ್ರಿಸ್ತಪೂರ್ವ ೧೫೫೦ರ ಸುಮಾರಿನಲ್ಲಿ ಈಜಿಪ್ಟಿನ ಅಹ್ಮೋಸನೆಂಬ ಲಿಪಿಕಾರನು ಪ್ರತಿಮಾಡಿದ ಗಣಿತದ ಸುರುಳಿಯೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರ ಲೆಕ್ಕಗಳಲ್ಲೊಂದು ಹೀಗಿದೆ: ಒಂದು ರಾಶಿಗೆ ಅದರ ಏಳನೆಯ ಒಂದು ಪಾಲನ್ನು ಕೂಡಿದರೆ ೧೯ ಆಗುವುದು, ರಾಶಿ ಎಷ್ಟು? ರಾಶಿಯನ್ನು ೭ ಎಂದು ಭಾವಿಸಿದರೆ ಮೊತ್ತ ೮ ಮಾತ್ರ. ೮ನ್ನು ಎಷ್ಟರಿಂದ ಗುಣಿಸಿದರೆ ೧೯ ಬರುವುದೋ ಅಷ್ಟರಿಂದಲೇ ೭ನ್ನೂ ಗುಣಿಸಬೇಕು. ಉತ್ತರ, ೧೬ರ ಮೇಲೆ ಎಂಟರಲ್ಲಿ ಐದಂಶ. ನಮ್ಮವರೂ ಈ ಕ್ರಮವನ್ನು ಬಲ್ಲವರಾಗಿದ್ದು, ಇಷ್ಟಕರ್ಮವೆಂದು ಕರೆದರು.

ಆದರೆ ತಿಳಿಯದ ರಾಶಿ ಎರಡು ಪಕ್ಷಗಳಲ್ಲಿಯೂ ಇದ್ದು, ಜೊತೆಗೆ ತಿಳಿದ ಸಂಖ್ಯೆಗಳೂ ಸೇರಿದ್ದರೆ ಇಂತಹ ಒಂದೇ ಊಹೆ ಸಾಲದು. ೪೯೯ರ ಸುಮಾರಿನಲ್ಲಿ ಆರ್ಯಭಟನು ಅಂತಹ ರಾಶಿಯನ್ನು 'ಗುಲಿಕಾ' ಎಂದು ಕರೆದು, ಅದರ ಬೆಲೆ ಕಾಣುವ ಸೂತ್ರವನ್ನು ಹೇಳಿದನು. ೬೨೮ರಲ್ಲಿ ಬ್ರಹ್ಮಗುಪ್ತನು ಅದನ್ನೇ 'ಅವ್ಯಕ್ತ'ವೆಂದನು. ಮುಂದೆ ಭಾಸ್ಕರಾಚಾರ್ಯನು ೧೧೫೦ರ ಸುಮಾರಿನ ತನ್ನ ಬೀಜಗಣಿತದಲ್ಲಿ ಒಂದು ಸೊಗಸಾದ ಉದಾಹರಣೆಯನ್ನು ಕೊಟ್ಟಿದ್ದಾನೆ. ಒಬ್ಬನಲ್ಲಿ ೬ ಕುದುರೆಗಳೂ ೩೦೦ ರೂಪಗಳೂ ಇವೆ. ಮತ್ತೊಬ್ಬನಲ್ಲಿ ಅದೇ ಬೆಲೆಯ ೧೦ ಕುದುರೆಗಳಿವೆ. ಆದರೆ ೧೦೦ ರೂಪಗಳ ಸಾಲವಿದೆ. ಇಬ್ಬರೂ ಸಮಾನ ಧನಿಕರು. ಕುದುರೆಯ ಬೆಲೆ ಎಷ್ಟು?

ಇಲ್ಲಿ ಆಚಾರ್ಯನು ಏನನ್ನೂ ಊಹಿಸುವುದಿಲ್ಲ. ಬೆಲೆಗೆ 'ಯಾವತ್ತಾವತ್', ಎಂದರೆ 'ಎಷ್ಟೋ ಅಷ್ಟು' ಎಂದು ಹೆಸರಿಟ್ಟು, ಚಿಕ್ಕದಾಗಿ 'ಯಾ' ಎಂದು ಬರೆಯುತ್ತಾನೆ. ಎರಡು ಪಕ್ಷಗಳನ್ನು ಒಂದರ ಕೆಳಗೊಂದು ಇಟ್ಟು, ಸಾಲದ ಸಂಖ್ಯೆಯ ತಲೆಯ ಮೇಲೆ ಬಿಂದುವನ್ನಿಡುವುದು ಅಂದಿನ ಪದ್ಧತಿ. ಎರಡು ಕಡೆಯಿಂದಲೂ ೬ 'ಯಾ'ಗಳನ್ನು ಕಳೆದು, ೧೦೦ನ್ನು ಕೂಡಿದರೆ ಉಳಿಯುವುದು, ೪ 'ಯಾ'ಗಳಿಗೆ ೪೦೦ ಸಮ. ಆದುದರಿಂದ ಕುದುರೆಯ ಬೆಲೆ ೧೦೦. ಒಬ್ಬೊಬ್ಬನ ಐಶ್ವರ್ಯ ೯೦೦.

೧೬೩೭ರಲ್ಲಿ ಫ್ರಾನ್ಸಿನ ಡೇಕಾರ್ಟನು ತನ್ನ ಗ್ರಂಥದಲ್ಲಿ ಬಳಸಿದ 'ಎಕ್ಸ್' ಅಕ್ಷರವನ್ನೇ ನಮ್ಮ ಮಕ್ಕಳು ಇಂದು ಬರೆಯುವರು. ಅಕ್ಷರ ಬೇರೆಯಾದರೂ ಅದು ಮಾಡುವ ಕಾರ್ಯ ಒಂದೇ. ಉತ್ತರ ತಿಳಿಯುವವರೆಗೆ ಕಾದಿರದೆ, ತಿಳಿಯದುದನ್ನೂ ತಿಳಿದುದರ ಪಂಕ್ತಿಯಲ್ಲಿ ಕುಳ್ಳಿರಿಸಿ, ಕೂಡಿ ಕಳೆಯಬಹುದೆಂಬ ಧೈರ್ಯವೇ ಬೀಜಗಣಿತದ ಬೀಜವೆಂದು ನಾವು ತಿಳಿಯುತ್ತೇವೆ.