ಎರಡು ಬಾಗಿಲು

1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ನಮ್ಮ ಕೇರಿಗಳಲ್ಲಿ ಅಕ್ಷರ ಕಂಡವರೇ ಅಪರೂಪ. ಸಂವಿಧಾನದ ಬಲದಿಂದ ಮೀಸಲಾತಿ ಬಂತು. 1980ರಲ್ಲಿ ಗುಲ್ಬರ್ಗಕ್ಕೂ ವಿಶ್ವವಿದ್ಯಾಲಯ ಬಂತು. ಕೂಲಿಯವರ ಮಕ್ಕಳು ಹಕ್ಕಿನಿಂದಲೇ ಒಳಗೆ ಕಾಲಿಟ್ಟರು.

ಅತ್ತ ದುಡ್ಡಿದ್ದವರು ಬೇರೆ ಬಾಗಿಲು ಕಟ್ಟಿಕೊಂಡರು. ಡೊನೇಷನ್ ಹಾವಳಿ ತಡೆಯಲು 1984ರಲ್ಲಿ ರಾಜ್ಯವೇ ಕಾಯ್ದೆ ಮಾಡಬೇಕಾಯ್ತು. ಸಂವಿಧಾನದ 93ನೇ ತಿದ್ದುಪಡಿ 2005ರಲ್ಲಿ ಖಾಸಗಿ ಸಂಸ್ಥೆಗಳಲ್ಲೂ ಮೀಸಲಾತಿಗೆ ದಾರಿ ಮಾಡಿತು. 2014ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಮೇಲೆ ಹತ್ತು ವರ್ಷ ಕಳೆದರೂ ಖಾಸಗಿಯವರಿಗೆ ಅನ್ವಯಿಸುವ ಕಾಯ್ದೆಯನ್ನು ಪಾರ್ಲಿಮೆಂಟು ಮಾಡಲೇ ಇಲ್ಲ.

ಹಾಗಾಗಿ ನಮ್ಮ ಹುಡುಗ್ರಿಗೆ ಉಳಿದದ್ದು ಸರ್ಕಾರಿ ಬಾಗಿಲೊಂದೇ. ಮೇಷ್ಟ್ರ ಹುದ್ದೆ ತುಂಬದೆ ಅದನ್ನು ಒಣಗಿಸುವುದೆಂದರೆ ಸದ್ದಿಲ್ಲದೆ ಅಗುಳಿ ಹಾಕಿದಂತೆ. ಅಲ್ಲಿ ಸೀಟು ಕೇಳೋಣ, ಇಲ್ಲಿ ಮೇಷ್ಟ್ರನ್ನು ಕೇಳೋಣ. ಎರಡೂ ನಮ್ಮ ಹಕ್ಕೇ.