ಕಲ್ಲಿನಲ್ಲಿ ಯಾರಿಗೆ ಜಾಗ?



ಗುಡಿಯ ಮುಂದೆಯೋ ಕೆರೆಯ ಏರಿಯ ಮೇಲೋ ನಿಂತ ಹಳೆಯ ವೀರಗಲ್ಲುಗಳನ್ನು ನೀವು ನೋಡಿರಬಹುದು. ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಕಡೆಗೆ ಹೋದರೆ ಇಂಥ ಕಲ್ಲುಗಳು ಕಣ್ಣಿಗೆ ಬೀಳುತ್ತವೆ. ಎಲ್ಲರೂ ಓಡಾಡುವ ಜಾಗದಲ್ಲಿ, ಎಲ್ಲರೂ ಕಾಣಲೆಂದು ನಿಲ್ಲಿಸಿದ ಈ ಶಿಲ್ಪವನ್ನು ನಾವು ಸಾರ್ವಜನಿಕ ಕಲೆ ಎನ್ನಬಹುದು. ಆದರೆ ಆ ಕಲೆಯಲ್ಲಿ ಯಾರಿಗೆ ಜಾಗ ಸಿಕ್ಕಿತು? ಈ ಪ್ರಶ್ನೆಯನ್ನು ಹಿಡಿದು ಈ ನಾಡಿನಲ್ಲಿ ಸ್ವಲ್ಪ ಸುತ್ತಾಡೋಣ.

ಮೊದಲು ಹಾನಗಲ್ಲು. ಇದು ಕದಂಬ ಮಾಂಡಲಿಕರ ರಾಜಧಾನಿ. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಇಲ್ಲಿನ ಆನೆಕೆರೆಯ ಬಳಿ ಬೀಡುಬಿಟ್ಟು ಊರನ್ನು ಮುತ್ತಿದ ಸಂಗತಿ ನಮಗೆ ತಿಳಿಯುವುದು ಒಂದು ವೀರಗಲ್ಲಿನಿಂದ. ವೀರಗಲ್ಲಿನ ಸಾಮಾನ್ಯ ರೂಪವನ್ನು ಗಮನಿಸಿ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ದಂಡನಾಯಕನಿಗೆ ಮಾತ್ರವಲ್ಲ, ಊರಿನ ದನಗಳನ್ನು ಬಿಡಿಸಲು ಹೋಗಿ ಮಡಿದ ಸಾಮಾನ್ಯನಿಗೂ ಇಂಥ ಕಲ್ಲು ದೊರೆಯಿತು. ಇದು ದೊಡ್ಡ ಮಾತು. ಆದರೂ ಅವನು ಬದುಕಿದ ಬಗೆಗೆ ಕಲ್ಲಿನಲ್ಲಿ ಜಾಗವಿರಲಿಲ್ಲ. ಸತ್ತ ಬಗೆಗೆ ಮಾತ್ರ ಇತ್ತು.

ಇನ್ನು ಹಿರೇಕೆರೂರು ತಾಲ್ಲೂಕಿನ ಅಬ್ಬಲೂರು. ಇಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ಕಥೆಯನ್ನು ಕೆತ್ತಿದ್ದಾರೆ. ಸುಮಾರು 1200ರ ಶಾಸನವೂ ಅದನ್ನೇ ಹೇಳುತ್ತದೆ. ಶೈವನಾದ ರಾಮಯ್ಯನಿಗೂ ಜೈನರಿಗೂ ನಡೆದ ಪಂತ, ಜಿನಬಿಂಬದ ಭಂಗ, ಇವು ಅಲ್ಲಿನ ವಿಷಯ. ಜೈನರೂ ಈ ಶಿಲ್ಪದಲ್ಲಿದ್ದಾರೆ, ಆದರೆ ಸೋತವರಾಗಿ. ಕಥೆ ಗೆದ್ದವರದು. ಚಿತ್ರದಲ್ಲಿ ಇರುವುದು ಬೇರೆ, ಗೌರವದಿಂದ ಇರುವುದು ಬೇರೆ ಎಂಬುದನ್ನು ಅಬ್ಬಲೂರು ನಮಗೆ ಕಲಿಸುತ್ತದೆ.

ಅಲ್ಲಿಂದ ಎಂಟು ಶತಮಾನ ದಾಟಿ ಶಿಗ್ಗಾಂವಿ ತಾಲ್ಲೂಕಿಗೆ ಬನ್ನಿ. ಇದು ಕನಕದಾಸರ ಬಾಡ ಇರುವ ತಾಲ್ಲೂಕು. ಮುಸ್ಲಿಂ ಮನೆತನದಲ್ಲಿ ಹುಟ್ಟಿ ಬ್ರಾಹ್ಮಣರಾದ ಗೋವಿಂದಭಟ್ಟರನ್ನು ಗುರುವಾಗಿ ಪಡೆದ ಶರೀಫರ ಶಿಶುನಾಳವೂ ಇಲ್ಲಿಯದೇ. ಇದೇ ತಾಲ್ಲೂಕಿನ ಗೊಟಗೋಡಿಯಲ್ಲಿ, ಹೆದ್ದಾರಿಯ ಪಕ್ಕದಲ್ಲಿ, ಕಲಾವಿದ ಟಿ. ಬಿ. ಸೊಲಬಕ್ಕನವರ ಉತ್ಸವ ರಾಕ್ ಗಾರ್ಡನ್ ಕಟ್ಟಿದರು. ದೊಡ್ಡಾಟದ ಏಳಿಗೆಗೂ ದುಡಿದ ಅವರು 2020ರಲ್ಲಿ ತೀರಿಕೊಂಡರು. ಅಲ್ಲಿ ನಿಂತಿರುವವರು ರಾಜರಲ್ಲ. ರೈತ, ಕುಂಬಾರ, ಕಮ್ಮಾರ, ಬಡಿಗ, ಕುರಿ ಕಾಯುವವ, ಮನೆಗೆಲಸದಲ್ಲಿ ತೊಡಗಿದ ಹೆಂಗಸು ಹೀಗೆ ಉತ್ತರ ಕರ್ನಾಟಕದ ಹಳ್ಳಿಯೇ ಆಳೆತ್ತರದಲ್ಲಿ ಎದ್ದು ನಿಂತಿದೆ. ಎತ್ತರದ ಪೀಠವಿಲ್ಲ, ನೀವು ಪಕ್ಕದಲ್ಲಿಯೇ ನಿಲ್ಲಬಹುದು. ಇಲ್ಲಿ ಕಲೆ ಗುರುತಿಸಿದ್ದು ಸಾವನ್ನಲ್ಲ, ದುಡಿಮೆಯನ್ನು.

ಹಾಗೆಂದು ಪ್ರಶ್ನೆ ಮುಗಿಯಿತೇ? ಇಲ್ಲ. ಹಳ್ಳಿಯನ್ನು ಸುಂದರವಾಗಿ ತೋರಿಸುವಾಗ ಊರಿನೊಳಗೆ ಯಾರಿಗೆ ಮನೆಯಿತ್ತು, ಯಾರು ಊರ ಹೊರಗೆ ಇರಬೇಕಾಯಿತು ಎಂಬುದು ಮರೆಯಾಗಬಾರದು. ಒಂದು ಪ್ರತಿಮೆ ಅಸ್ಪೃಶ್ಯತೆಯನ್ನು ಅಳಿಸಲಾರದು. ಆದರೆ ತನ್ನ ಅಪ್ಪನ ಕಸುಬು ಶಿಲ್ಪವಾಗಿ ನಿಂತಿರುವುದನ್ನು ಕಂಡ ಮಗುವಿಗೆ ಆ ಕಸುಬಿನ ಬಗ್ಗೆ ನಾಚಿಕೆ ಕಡಿಮೆಯಾದೀತು.

ಮುಂದಿನ ಸಲ ಪ್ರವಾಸ ಹೋದಾಗ ಪ್ರತಿ ಶಿಲ್ಪದ ಮುಂದೆ ಎರಡು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾರಿದ್ದಾರೆ? ಯಾರಿಲ್ಲ? ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಚರಿತ್ರೆಯ ಅಭ್ಯಾಸ ಅಲ್ಲಿಂದಲೇ ಆರಂಭವಾಗುತ್ತದೆ.