ಮರಿಮೀನಿನ ಮೊದಲ ತುತ್ತು

ಮೀನಿಗೆ ಏನು ಉಣಿಸಬೇಕು? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿಕೊಂಡವರಲ್ಲಿ ನಮ್ಮ ನಾಡಿನ ಒಬ್ಬ ಅರಸನೂ ಇದ್ದಾನೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವಿದೆ. ಅದರಲ್ಲಿ ಮೀನುಗಳನ್ನು ಕಡಲಿನವು, ಹೊಳೆಯವು, ಹುರುಪೆ ಇರುವವು, ಇಲ್ಲದವು ಎಂದು ವಿಂಗಡಿಸಿ, ಯಾವುದಕ್ಕೆ ಯಾವ ಆಹಾರ ಹಾಕಬೇಕೆಂದು ಹೇಳಲಾಗಿದೆ. ಪ್ರಾಣಿವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಬಗ್ಗೆ ಲೇಖನ ಬರೆದರು. ಆದರೆ ಅರಸನ ಉದ್ದೇಶ ಗಾಳದ ಆಟ. ಮೀನನ್ನು ಮೇವಿಗೆ ಒಗ್ಗಿಸುವುದು, ಕೊಬ್ಬಿಸುವುದು, ಆಮೇಲೆ ಹಿಡಿಯುವುದು.

ಜಮಖಂಡಿ ತಾಲ್ಲೂಕಿನ ತುಬಚಿಯೂ ಆ ಚಾಲುಕ್ಯರ ಸೀಮೆಯೊಳಗಿನ ಊರೇ. ಇಲ್ಲಿಯವರಿಗೆ ಮೀನೆಂದರೆ ಕೃಷ್ಣಾ ಹೊಳೆಯ ಮೀನು. ಕಡಲು ಬಹಳ ದೂರ. ಇಂಥ ಊರಿನ ಒಂದು ಕೋಣೆಯಲ್ಲೂ ಹವಳದ ದಿಬ್ಬಗಳ ಕ್ಲೌನ್ ಮೀನನ್ನು ಮರಿ ಮಾಡಿಸುವುದು ಇಂದು ಸಾಧ್ಯ. ಸಾಧ್ಯವಾದದ್ದು ಹೇಗೆಂದು ಹುಡುಕುತ್ತ ಹೋದರೆ ಮತ್ತೆ ಅದೇ ಪ್ರಶ್ನೆಗೆ ಬಂದು ನಿಲ್ಲುತ್ತೇವೆ.

ಈ ಮೀನಿನ ಜೋಡಿ ಕೂಡಿಸುವುದು ಅಷ್ಟೇನೂ ಕಷ್ಟವಲ್ಲ. ಎಳೆಯ ಮೀನುಗಳೆರಡನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ದೊಡ್ಡದು, ಜೋರಿನದು ಹೆಣ್ಣಾಗುತ್ತದೆ; ಇನ್ನೊಂದು ಗಂಡಾಗಿ ಉಳಿಯುತ್ತದೆ. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗಬಲ್ಲದು. ಹೆಂಚಿನ ತುಂಡು ಇಟ್ಟರೆ ಅದರ ಮೇಲೆ ನೂರಾರು ಮೊಟ್ಟೆ ಅಂಟಿಸುತ್ತವೆ. ಗಂಡು ಮೀನು ರೆಕ್ಕೆ ಬೀಸಿ ಗಾಳಿ ಕೊಡುತ್ತ, ಕೆಟ್ಟ ಮೊಟ್ಟೆಗಳನ್ನು ಬಾಯಿಂದ ಹೆಕ್ಕಿ ತೆಗೆಯುತ್ತ ಒಂದು ವಾರ ಕಾಯುತ್ತದೆ. ಒಂದು ರಾತ್ರಿ, ದೀಪ ಆರಿದ ಮೇಲೆ ಮರಿಗಳು ಹೊರಬರುತ್ತವೆ.

ನಿಜವಾದ ತೊಡಕು ಅಲ್ಲಿಂದ ಶುರು. ಮರಿಯ ಉದ್ದ 3–4 ಮಿಲಿಮೀಟರ್. ಬಾಯಿ ಇನ್ನೂ ಸಣ್ಣದು. ಅದಕ್ಕೆ ಜೀವವಿರುವ, ಚಲಿಸುವ ಆಹಾರವೇ ಬೇಕು. ಮೀನು ಸಾಕುವವರು 1930ರ ದಶಕದಿಂದ ಬಳಸುತ್ತಿದ್ದ ಆರ್ಟೀಮಿಯಾ ಎಂಬ ಉಪ್ಪುನೀರಿನ ಜೀವಿಯ ಮರಿಗಳೂ ಮೊದಲ ದಿನಗಳಲ್ಲಿ ಇದಕ್ಕೆ ದೊಡ್ಡವು. ಎದುರಿಗೆ ಆಹಾರವಿದ್ದೂ ಮರಿಗಳು ಹಸಿದು ಸಾಯಬಹುದು.

ಉತ್ತರ ಬಂದದ್ದು ಜಪಾನಿನ ಹಾವುಮೀನಿನ ಕೊಳಗಳಿಂದ. ಅಲ್ಲಿ ಹಸಿರು ನೀರು ಇದ್ದಕ್ಕಿದ್ದಂತೆ ತಿಳಿಯಾಗಿ ಮೀನುಗಳು ಸಾಯುವುದಿತ್ತು. ರೋಟಿಫರ್ ಎಂಬ ಸೂಕ್ಷ್ಮಜೀವಿ ವಿಪರೀತ ಹೆಚ್ಚಿ, ಆಮ್ಲಜನಕ ಕೊಡುವ ಪಾಚಿಯನ್ನೆಲ್ಲ ತಿಂದುಹಾಕುತ್ತಿತ್ತು. ಸಾಕಣೆಗಾರರ ಪಾಲಿಗೆ ಅದೊಂದು ಪಿಡುಗು. ತಕಾಶಿ ಇತೊ ಎಂಬ ವಿಜ್ಞಾನಿ ಆ ಪಿಡುಗನ್ನೇ ಬೆಳೆಸಿ, 1960ರ ಸುಮಾರಿಗೆ, ಮರಿಮೀನಿಗೆ ಆಹಾರವಾಗಿ ಕೊಡಬಹುದೆಂದು ತೋರಿಸಿದರು. 1970ರ ದಶಕದ ಆರಂಭದಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಮಾರ್ಟಿನ್ ಮೋ ಕ್ಲೌನ್ ಮೀನಿನ ಮರಿಗಳನ್ನು ಮಾರಾಟದ ಪ್ರಮಾಣದಲ್ಲಿ ಬೆಳೆಸಿದರು. ನಮ್ಮಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹಲವು ಜಾತಿಯ ಕ್ಲೌನ್ ಮೀನುಗಳ ಮರಿ ಮಾಡುವ ವಿಧಾನವನ್ನು ರೂಪಿಸಿದೆ.

ಹೀಗಾಗಿ ಮನೆಯಲ್ಲಿ ಇದನ್ನು ಮಾಡುವವರು ಮೀನಿಗಿಂತ ಮೊದಲು ಪಾಚಿ ಬೆಳೆಸಬೇಕು, ಪಾಚಿ ತಿನ್ನುವ ರೋಟಿಫರ್ ಬೆಳೆಸಬೇಕು. ಅಡುಗೆ ಉಪ್ಪಿನಿಂದ ಕಡಲ ನೀರು ಆಗುವುದಿಲ್ಲ. ಅದಕ್ಕೆಂದೇ ಸಿಗುವ ಲವಣಗಳ ಮಿಶ್ರಣ ಬೇಕು. ಕರೆಂಟ್ ಹೋಗಿ ಗಾಳಿಯ ಪಂಪ್ ನಿಂತರೆ ಮರಿಗಳಿಗೆ ಆಪತ್ತು. ಕೆಲವು ದಿನಗಳ ಬಳಿಕ ಆರ್ಟೀಮಿಯಾ ಶುರು ಮಾಡಬಹುದು. ಎಲ್ಲ ಸರಿಹೋದರೆ ಎರಡು ವಾರದೊಳಗೆ ಮರಿಗಳ ಮೈಮೇಲೆ ಬಿಳಿ ಪಟ್ಟಿ ಮೂಡಲು ತೊಡಗುತ್ತದೆ.

ಇಷ್ಟು ಪಾಡು ಯಾಕೆ? ಅಕ್ವೇರಿಯಂ ವ್ಯಾಪಾರಕ್ಕೆ ಬರುವ ಕಡಲ ಮೀನುಗಳಲ್ಲಿ ಬಹುಪಾಲು ಇಂದಿಗೂ ಹವಳದ ದಿಬ್ಬಗಳಿಂದಲೇ ಹಿಡಿದು ತಂದವು. ಫಿಲಿಪ್ಪೀನ್ಸ್‌ನಂಥ ಕಡೆ ಅವುಗಳ ಮತಿ ತಪ್ಪಿಸಿ ಹಿಡಿಯಲು ಸಯನೈಡ್ ಬಳಸಿದ್ದೂ ಉಂಟು. ಹವಳಕ್ಕೂ ಅದು ವಿಷ. ತೊಟ್ಟಿಯಲ್ಲೇ ಹುಟ್ಟಿದ ಮೀನು ಸಿಕ್ಕರೆ ಕಡಲಿನಿಂದ ಒಂದನ್ನು ತೆಗೆಯುವ ಅಗತ್ಯ ತಪ್ಪುತ್ತದೆ.

ಸೋಮೇಶ್ವರ ಬರೆಸಿದ ಮೇವು ಮೀನನ್ನು ಗಾಳದ ಹತ್ತಿರಕ್ಕೆ ಕರೆಯುತ್ತಿತ್ತು. ಜಪಾನಿನ ಕೊಳದ ಪಿಡುಗು ಈಗ ಅದೆಷ್ಟೋ ಮೀನುಗಳನ್ನು ಬಲೆಯಿಂದ ದೂರ ಇಟ್ಟಿದೆ. ಮೀನು ಸಾಕಣೆಯ ಚರಿತ್ರೆ ಬರೆಯುವವರು ತೊಟ್ಟಿ, ಗಾಜು, ಪಂಪುಗಳ ಜೊತೆಗೆ ಈ ತುತ್ತಿನ ಕತೆಯನ್ನೂ ಬರೆಯಬೇಕು.